ಆಷಾಢದಲ್ಲಿ ಆಟದ ರೈಲು

ಆಷಾಢಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಸೊಸೆ ತವರಿಗೆ ಹೊರಟುಬಿಡುತ್ತಾಳೆ. ಛತ್ರಗಳಿಗೆ ಬೀಗ, ವಾಲಗದವರಿಗೆ ಬಿಡುವು. ತೆಲುಗರ ಲೆಕ್ಕವೂ ಇದೇ. ಆದರೆ ಆಷಾಢದ ಒಂದು ಸಂಜೆ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ನಿಂತು ನೋಡಿದವರು ಈ ತಿಂಗಳಿಗೆ ಮಂಕು ಕವಿದಿದೆ ಎನ್ನಲಾರರು. ಸೀರೆ ಅಂಗಡಿಗಳ ನೆತ್ತಿಯಿಂದ ಫುಟ್‌ಪಾತಿನವರೆಗೆ ‘ಆಷಾಢಂ’ ರಿಯಾಯಿತಿಯ ಬ್ಯಾನರುಗಳು ಇಳಿಬಿದ್ದಿರುತ್ತವೆ. ಶ್ರಾವಣದ ಮದುವೆಗೆ ಬೇಕಾದ ರೇಷ್ಮೆಯನ್ನು ಆಷಾಢದ ಬೆಲೆಗೆ ಕೊಳ್ಳಲು ಶ್ರೀಕಾಕುಳಂ, ವಿಜಯನಗರಂ ಕಡೆಯ ಹೆಣ್ಣುಮಕ್ಕಳು ಬಸ್ಸಿಳಿದು ನೇರ ಅಂಗಡಿಗೇ ನಡೆಯುತ್ತಾರೆ. ಬಸ್ಸು ನಿಲ್ಲುವುದೂ ಪಕ್ಕದಲ್ಲೇ. ದ್ವಾರಕಾ ಬಸ್ ನಿಲ್ದಾಣ ಎಂದು ಅದರ ಹೆಸರು. ಊರಿನವರ ಬಾಯಲ್ಲಿ ಆರ್‌ಟಿಸಿ ಕಾಂಪ್ಲೆಕ್ಸ್.

ಆ ಸಂದಣಿಯಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ಗೆಳೆಯನ ಮನೆ. ದ್ವಾರಕಾ ನಗರದ ಬೀದಿಗಳಿಗೆ ಲೇನ್ ಎಂದೇ ಹೆಸರು, ಫಸ್ಟ್ ಲೇನ್, ಸೆಕೆಂಡ್ ಲೇನ್ ಎಂದು ಎಣಿಸಿಕೊಂಡು ಹೋಗಬೇಕು. ಗೆಳೆಯ ಹೊಸಪೇಟೆಯವನು. 1970ರಲ್ಲಿ ಕೇಂದ್ರ ಸರ್ಕಾರ ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆಗಳನ್ನು ಘೋಷಿಸಿತ್ತು: ಹೊಸಪೇಟೆ, ಸೇಲಂ, ವಿಶಾಖಪಟ್ಟಣ. ಹೊಸಪೇಟೆಯ ಪಾಲಿನದು ಬಹುಕಾಲ ಶಂಕುಸ್ಥಾಪನೆಯ ಕಲ್ಲಾಗಿಯೇ ಉಳಿಯಿತು. ಮಗನಿಗೆ ಊರಲ್ಲೇ ನೌಕರಿ ಸಿಗುತ್ತದೆಂದು ತಂದೆ ಕಾದರು. ಕೊನೆಗೆ ಅದು ಸಿಕ್ಕಿದ್ದು ಕೃಷ್ಣೆ, ಗೋದಾವರಿಗಳನ್ನು ದಾಟಿದ ಮೇಲೆ, ವಿಶಾಖಪಟ್ಟಣದ ಕಾರ್ಖಾನೆಯಲ್ಲಿ. ದುಡಿಯುವಷ್ಟು ಕಾಲ ಉಕ್ಕುನಗರಂ ಎಂಬ ಟೌನ್‌ಶಿಪ್ಪಿನಲ್ಲಿದ್ದು, ನಿವೃತ್ತನಾದ ಮೇಲೆ ಅವನು ದ್ವಾರಕಾ ನಗರಕ್ಕೆ ಬಂದ. ಇಲ್ಲೇ ಏಕೆಂದರೆ ಪಬ್ಲಿಕ್ ಲೈಬ್ರರಿ ನಡೆದು ಹೋಗುವಷ್ಟು ಹತ್ತಿರವಿದೆ, ಮೊಮ್ಮಗಳನ್ನು ಊರಿಗೆ ಬಸ್ ಹತ್ತಿಸುವುದೂ ಸುಲಭ.

ನಾವೆಲ್ಲ ಮೈಸೂರಿನಲ್ಲಿ ಒಟ್ಟಿಗೆ ಓದಿದವರು. ಈಗ ಒಬ್ಬರು ಶಿರಸಿಯಲ್ಲಿ, ಒಬ್ಬರು ದಾವಣಗೆರೆಯಲ್ಲಿ, ನಾನು ಬೆಂಗಳೂರಿನಲ್ಲಿ. ವರ್ಷ ವರ್ಷವೂ ಭೇಟಿಯಾಗುತ್ತಲೇ ಬಂದಿದ್ದೇವೆ, ಯಾರಾದರೊಬ್ಬರ ಮಕ್ಕಳ ಮದುವೆಯಲ್ಲಿ. ಆದರೆ ಮದುವೆಮನೆಯ ಭೇಟಿ ಭೇಟಿಯೇ ಅಲ್ಲ. ಪಂಕ್ತಿಯಲ್ಲಿ ಅಕ್ಕಪಕ್ಕ ಕೂತರೂ ಬಡಿಸುವವರು ಮಾತಾಡಲು ಬಿಡುವುದಿಲ್ಲ. ಎದ್ದು ಕೈತೊಳೆಯುವ ಹೊತ್ತಿಗೆ ಹಿಂದಿನ ಸಾಲು ಕುರ್ಚಿ ಹಿಡಿದು ನಿಂತಿರುತ್ತದೆ. ಫೋಟೋಕ್ಕೆಂದು ವೇದಿಕೆ ಹತ್ತಿ ಇಳಿದರೆ ಬಸ್ಸಿನ ಹೊತ್ತು. ಇದನ್ನೆಲ್ಲ ಲೆಕ್ಕ ಹಾಕಿಯೇ ಹೊಸಪೇಟೆಯವನು ಫೋನ್ ಮಾಡಿದ್ದು: “ಆಷಾಢಕ್ಕ ಬರ್ರಿ. ಆಗ ಯಾರ ಮನಿಯಾಗೂ ಮದುವಿ ಇರಂಗಿಲ್ಲ, ಯಾರಿಗೂ ನೆಪ ಇರಂಗಿಲ್ಲ.” ಬಂದು ಏನು ಮಾಡುವುದು ಎಂದು ಶಿರಸಿಯ ಗೆಳತಿ ಕೇಳಿದಳು. “ಆಡೋಣ” ಅಂದ.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅರವತ್ತರ ಆಸುಪಾಸಿನವರು ಒಟ್ಟಿಗೆ ಹೊರಟರೆ ನಮ್ಮ ಸಮಾಜ ಎರಡು ಕಾರಣಗಳನ್ನು ಒಪ್ಪಿಕೊಳ್ಳುತ್ತದೆ, ತೀರ್ಥಯಾತ್ರೆ ಮತ್ತು ಆಸ್ಪತ್ರೆ. ಮೊಮ್ಮಕ್ಕಳು ಜೊತೆಗಿದ್ದರೆ ಆಟದ ಪಾರ್ಕಿಗೂ ಹೋಗಬಹುದು, ಅದೂ ಅವರ ಚಪ್ಪಲಿ ಕಾಯುವುದಕ್ಕೆ. ನಮ್ಮದೇ ಸಂತೋಷಕ್ಕೆ ನಾವೇ ಟಿಕೆಟ್ ಕೊಂಡು ಜೋಕಾಲಿ ಹತ್ತುವುದಕ್ಕೆ ಒಪ್ಪಿಗೆ ಇಲ್ಲ. ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹಿಡಿದೆವು. ಭುವನೇಶ್ವರದವರೆಗೆ ಹೋಗುವ ಗಾಡಿ ಅದು. ಗುಂಟೂರು ದಾಟಿ ವಿಜಯವಾಡ ಸಮೀಪಿಸುವಾಗ ಕೃಷ್ಣೆಯ ಸೇತುವೆ ಬರುತ್ತದೆ. ಪಕ್ಕದಲ್ಲೇ 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜು. ನಮ್ಮ ಆಲಮಟ್ಟಿಯನ್ನು ದಾಟಿ ಬಂದ ನದಿ ಇಲ್ಲಿ ಕೊನೆಯ ಬಾರಿಗೆ ಕಾಲುವೆಗಳಿಗೆ ಹಂಚಿಕೊಂಡು, ಉಳಿದದ್ದನ್ನು ಕಡಲಿಗೆ ಒಯ್ಯುತ್ತದೆ. ರಾಜಮಹೇಂದ್ರವರದಲ್ಲಿ ಗೋದಾವರಿ. ಆ ಸೇತುವೆಯ ಮೇಲೆ ಗಾಡಿ ಓಡುವಷ್ಟು ಹೊತ್ತೂ ಬೋಗಿಯಲ್ಲಿ ಮಾತು ನಿಲ್ಲುತ್ತದೆ, ಯಾರೋ ಒಬ್ಬರು ನಾಣ್ಯ ಎಸೆಯುತ್ತಾರೆ. ವಿಶಾಖಪಟ್ಟಣದ ನಿಲ್ದಾಣದಲ್ಲಿ ಮುಂದಕ್ಕೆ ಹಳಿಯಿಲ್ಲ. ಬಂದ ಗಾಡಿ ಎಂಜಿನ್ ಬದಲಿಸಿಕೊಂಡು ಹಿಮ್ಮುಖವಾಗಿ ಹೊರಡಬೇಕು. ಅಲ್ಲಿ ಇಳಿಯುವವರಿಗೆ ಆತುರ ಬೇಡ, ಗಾಡಿ ತುಂಬ ಹೊತ್ತು ನಿಂತಿರುತ್ತದೆ. ನಮ್ಮ ರಜೆಗೆ ಇಂಥದೇ ಒಂದು ಆರಂಭ ಬೇಕಿತ್ತು.

ಈ ಊರಿಗೆ ಪ್ರವಾಸಿಗಳು ಬರುವ ಕಾಲ ಯಾವುದೆಂದು ಯಾವ ಆಟೋದವರನ್ನು ಕೇಳಿದರೂ ಹೇಳುತ್ತಾರೆ. ದಸರೆಗೆ ಬಂಗಾಳದವರು, ಡಿಸೆಂಬರಿನಲ್ಲಿ ಅರಕು ಕಣಿವೆಗೆ ಹೊರಟವರು, ಬೇಸಿಗೆಯಲ್ಲಿ ರಜೆಯ ಮಕ್ಕಳು. ಜೂನ್ ಮಧ್ಯಕ್ಕೆ ಶಾಲೆ ತೆರೆದವೆಂದರೆ ಊರು ಊರಿನವರಿಗೆ ಉಳಿಯುತ್ತದೆ. ಆಷಾಢದಲ್ಲಿ ಮಧುಚಂದ್ರದ ಜೋಡಿಗಳೂ ಇಲ್ಲ. ಮಳೆ ನಮ್ಮ ಮಲೆನಾಡಿನದಲ್ಲ. ಮೋಡ ಕಟ್ಟುತ್ತದೆ, ಸಂಜೆಗೆ ಒಂದು ಹನಿ ಉದುರುತ್ತದೆ, ಸೆಕೆ ಹಾಗೆಯೇ ಇರುತ್ತದೆ. ಶಿರಸಿಯ ಗೆಳತಿ ತಂದಿದ್ದ ದೊಡ್ಡ ಕೊಡೆ ಬಿಸಿಲಿಗೇ ಹೆಚ್ಚು ಬಳಕೆಯಾಯಿತು.

ಬೆಳಿಗ್ಗೆ ಪೆಸರಟ್ಟು. ಹಸಿ ಹೆಸರುಕಾಳು ರುಬ್ಬಿ ಹುಯ್ದ ಹಸಿರು ದೋಸೆ, ಒಳಗೆ ಉಪ್ಪಿಟ್ಟು, ಪಕ್ಕದಲ್ಲಿ ಬೆಲ್ಲ ಬಿದ್ದ ಶುಂಠಿಯ ಚಟ್ನಿ, ಅವರ ಮಾತಿನಲ್ಲಿ ಅಲ್ಲಂ ಪಚ್ಚಡಿ. ದೋಸೆಯೊಳಗೆ ಉಪ್ಪಿಟ್ಟು ಏಕೆ ಎಂದು ಮೊದಲ ದಿನ ಚರ್ಚೆ ನಡೆಯಿತು, ಮರುದಿನದಿಂದ ಯಾರೂ ಕೇಳಲಿಲ್ಲ. ಅದು ಮುಗಿದ ಮೇಲೆ ಆರ್‌ಟಿಸಿ ಕಾಂಪ್ಲೆಕ್ಸಿನಿಂದ 10ಕೆ ನಂಬರಿನ ಬಸ್ಸು ಹತ್ತಿ ಕೈಲಾಸಗಿರಿಗೆ.

ಕೈಲಾಸಗಿರಿ ಎಂದರೆ ಕಡಲಿನ ಅಂಚಿಗೇ ಎದ್ದುನಿಂತ ಬೆಟ್ಟ. ಅದರ ತಲೆಯ ಮೇಲೆ ನಗರಾಭಿವೃದ್ಧಿ ಪ್ರಾಧಿಕಾರದವರು ಉದ್ಯಾನ ಮಾಡಿದ್ದಾರೆ. ಬುಡದಿಂದ ರೋಪ್‌ವೇ, ಮೇಲೆ ಶಿವ ಪಾರ್ವತಿಯರ ಬಿಳಿಯ ಬೃಹತ್ ವಿಗ್ರಹ, ಮಕ್ಕಳಾಟದ ಜಾಗ, ಬೆಟ್ಟದ ನೆತ್ತಿಯನ್ನು ಸುತ್ತಿಬರುವ ಆಟದ ರೈಲು. ದೊಡ್ಡ ಥೀಮ್ ಪಾರ್ಕುಗಳನ್ನು ಕಂಡವರಿಗೆ ಇದು ಸಣ್ಣದು. ಬಿಡದಿಯ ವಂಡರ್‌ಲಾ 2005ರಲ್ಲಿ ತೆರೆದಾಗಿನಿಂದ ನಮ್ಮ ಕಡೆಯ ಮಕ್ಕಳಿಗೆ ತಲೆಕೆಳಗಾಗಿ ಸುತ್ತದ ಆಟ ಆಟವೇ ಅಲ್ಲ. ಆದರೆ ಕೈಲಾಸಗಿರಿಯಲ್ಲಿ ಕಡಲಿದೆ. ಎಡಕ್ಕೆ ನೋಡಿದರೆ ಋಷಿಕೊಂಡ, ಬಲಕ್ಕೆ ನಗರದ ದಂಡೆ, ಆಚೆ ತುದಿಯಲ್ಲಿ ಡಾಲ್ಫಿನ್ಸ್ ನೋಸ್ ಎಂಬ ಚಾಚುಬಂಡೆ.

ವಾರದ ನಡುವಿನ ದಿನ. ರೋಪ್‌ವೇಯಲ್ಲಿ ನಮ್ಮ ಗುಂಪು ಬಿಟ್ಟರೆ ಒಬ್ಬ ಅಜ್ಜ, ಅವನ ಕೈಯಲ್ಲಿ ಒಂದು ಟಿಫಿನ್ ಕ್ಯಾರಿಯರ್. ಮೇಲೆ ಕೆಲಸ ಮಾಡುವ ಮಗನಿಗೆ ಊಟ ಒಯ್ಯುತ್ತಿದ್ದ. ಆಟದ ರೈಲಿನ ಚಾಲಕ ನಮ್ಮನ್ನು ಕಂಡು “ಕೂರ್ಚೋಂಡಿ, ಕೂರ್ಚೋಂಡಿ, ಇನ್ನೂ ನಾಲ್ಕು ಜನ ಬರಲಿ” ಎಂದು ಅರ್ಧ ತೆಲುಗು, ನಮಗಾಗಿ ಅರ್ಧ ಹಿಂದಿಯಲ್ಲಿ ಹೇಳಿದ. ಕೂತೆವು. ನಾಲ್ಕು ಜನ ಬರುವುದು ತಡವಾಯಿತು. ಅಷ್ಟರಲ್ಲಿ ಅವನ ಊರು, ಅವನ ಮಗಳ ಇಂಜಿನಿಯರಿಂಗ್ ಸೀಟು, ಭಾನುವಾರಗಳಲ್ಲಿ ಶಿಳ್ಳೆ ಊದಿ ಊದಿ ಗಂಟಲು ಕಟ್ಟುವುದು ಎಲ್ಲವೂ ನಮಗೆ ತಿಳಿಯಿತು. ಹೊಸಪೇಟೆಯವನ ಕುತೂಹಲ ಚಕ್ರಗಳ ಮೇಲೆ. ಬಾಗಿದ ಹಳಿಯಲ್ಲಿ ಹೊರಬದಿಯ ಚಕ್ರ ಎಷ್ಟು ಬೇಗ ಸವೆಯುತ್ತದೆ ಎಂದು ಕೇಳಿದ. ಚಾಲಕ ಇಳಿದು ಬಗ್ಗಿ ತೋರಿಸಿದ. ಉಕ್ಕು ಕರಗಿಸಿ ಜೀವನ ಕಳೆದವನೂ ಅದರ ಮೇಲೆ ಗಾಡಿ ಓಡಿಸುವವನೂ ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಾತಾಡಿದ ಆ ಹೊತ್ತು ಸೀಸನ್ನಿನಲ್ಲಿ ಯಾರಿಗೂ ಸಿಗುವಂಥದಲ್ಲ.

ನಾನು ಹೇಳಹೊರಟಿದ್ದು ಇದನ್ನೇ. ಸೀಸನ್ನಿನಲ್ಲಿ ಪಾರ್ಕಿಗೆ ಹೋದವರು ಕಾಣುವುದು ಮುಂದಿನವರ ಬೆನ್ನನ್ನು. ಸಾಲಿನಲ್ಲಿ ಒಂದು ಗಂಟೆ, ಆಟ ಎರಡು ನಿಮಿಷ, ಇಳಿದ ಕೂಡಲೇ ಮುಂದಿನ ಸಾಲು. ಕೊಟ್ಟ ದುಡ್ಡಿಗೆ ಎಷ್ಟು ಆಟ ಮುಗಿಸಿದೆವೆಂಬ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ. ಆಟಕ್ಕೆ ಹೋಗಿ ಕೆಲಸ ಮಾಡಿ ಬರುತ್ತೇವೆ. ಜನ ಇಲ್ಲದ ಕಾಲದಲ್ಲಿ ಅದೇ ಆಟವನ್ನು ಮತ್ತೆ ಆಡಬಹುದು. “ಇನ್ನೊಂದು ಸುತ್ತು ಹೋಗುವ ಮಾರಾಯಾ” ಎಂದಳು ಶಿರಸಿಯವಳು, ಮತ್ತೆ ಟಿಕೆಟ್ ಕೊಂಡೆವು. ಮೊದಲ ಸುತ್ತಿನಲ್ಲಿ ಎಲ್ಲರೂ ಕಡಲು ನೋಡಿದ್ದೆವು. ಎರಡನೆಯದರಲ್ಲಿ ಕಡಲು ಇದ್ದೇ ಇರುತ್ತದೆಂಬ ನೆಮ್ಮದಿಯಲ್ಲಿ ಮಾತು ಶುರುವಾಯಿತು. ಅವಳು ತನ್ನ ಅಮ್ಮ ಹೋದ ಮೇಲೆ ಮನೆ ಹೇಗಿದೆ ಎಂಬುದನ್ನು ಹೇಳಿದ್ದು ಆ ಸುತ್ತಿನಲ್ಲಿ. ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ನಾವು ಹಲವು ಮದುವೆಗಳಲ್ಲಿ ಅವಳನ್ನು ಕಂಡಿದ್ದೆವು. ಹೇಳಲು ಜಾಗ ಸಿಕ್ಕಿರಲಿಲ್ಲ.

ಆಟಗಳಿಗೆ ಈ ಅವಸರ ಮೊದಲಿನಿಂದ ಇದ್ದದ್ದಲ್ಲ. 1884ರಲ್ಲಿ ಅಮೆರಿಕದ ಕೋನಿ ಐಲೆಂಡಿನಲ್ಲಿ ಲಮಾರ್ಕಸ್ ಥಾಂಪ್ಸನ್ ಎಂಬಾತ ರೋಲರ್ ಕೋಸ್ಟರಿನ ಹಿರಿಯಜ್ಜನನ್ನು ಕಟ್ಟಿದ. ಜನ ಗೋಪುರ ಹತ್ತಿ, ಬೆಂಚಿನಂಥ ಗಾಡಿಯಲ್ಲಿ ಕೂತು, ಏರಿಳಿತದ ಹಳಿಯ ಮೇಲೆ ಜಾರುತ್ತಿದ್ದರು. ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್, ನಮ್ಮ ಹಳ್ಳಿಯ ಸೈಕಲ್ ಸವಾರಿಯಷ್ಟು. 1893ರಲ್ಲಿ ಷಿಕಾಗೋದ ಮಹಾ ಪ್ರದರ್ಶನಕ್ಕೆ ಜಾರ್ಜ್ ಫೆರಿಸ್ ನಿಲ್ಲಿಸಿದ ಚಕ್ರ 264 ಅಡಿ ಎತ್ತರವಿತ್ತು. 36 ಪೆಟ್ಟಿಗೆ, ಒಂದೊಂದರಲ್ಲಿ 60 ಜನ. ಅದು ಎರಡು ಸುತ್ತು ಹಾಕಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಟಿಕೆಟ್ 50 ಸೆಂಟು. ಜನ ಕಿರುಚುವುದಕ್ಕೆ ಅದನ್ನು ಹತ್ತುತ್ತಿರಲಿಲ್ಲ. ಮೇಲಿನಿಂದ ತಮ್ಮ ಊರು ಹೇಗೆ ಕಾಣುತ್ತದೆಂದು ನೋಡಲು ಹತ್ತುತ್ತಿದ್ದರು, ಅಕ್ಕಪಕ್ಕದವರಿಗೆ ಬೆರಳು ಮಾಡಿ ತಮ್ಮ ಮನೆ ತೋರಿಸುತ್ತಿದ್ದರು. ಆಟದ ಯಂತ್ರಗಳು ಹುಟ್ಟಿದ್ದು ಹೀಗೆ ನಿಧಾನವಾಗಿ ನೋಡುವುದಕ್ಕೆ. ಭಯವನ್ನು ಕ್ಷಣಗಳಲ್ಲಿ ಅಳೆದು ಮಾರುವುದು ಆಮೇಲೆ ಬಂತು.

ನಮ್ಮ ಜಾತ್ರೆಯ ರಾಟೆ ತೊಟ್ಟಿಲೂ ಹಾಗೆಯೇ ಇತ್ತು. ನಾಲ್ಕು ಮರದ ತೊಟ್ಟಿಲು, ಕೈಯಿಂದಲೇ ತಳ್ಳಿ ತಿರುಗಿಸುವ ಇಬ್ಬರು. ಅವರಿಗೆ ಸುಸ್ತಾದರೆ ತೊಟ್ಟಿಲು ನಿಂತಲ್ಲೇ ನಿಲ್ಲುತ್ತಿತ್ತು. ಮೇಲೆ ಸಿಕ್ಕಿಕೊಂಡವರು ಜಾತ್ರೆಯನ್ನೆಲ್ಲ ನೋಡಿಕೊಂಡು ಕೂತಿರುತ್ತಿದ್ದರು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಾಗಾಗಿ ಬಾಲ್ಯದಲ್ಲಿ ತೊಟ್ಟಿಲಿಗಾಗಿ ಎರಡು ವರ್ಷ ಕಾಯುತ್ತಿದ್ದೆವೆಂದು ಗೆಳತಿ ಹೇಳಿದಳು. ಈಗ ಅಲ್ಲಿಗೆ ಬರುವ ತೊಟ್ಟಿಲುಗಳಿಗೆ ಜನರೇಟರು, ಬಣ್ಣದ ದೀಪ. ಅವೂ ಚೆಂದವೇ. ಆದರೆ ತಳ್ಳುವವನ ಮುಖ ಕಾಣುವುದಿಲ್ಲ.

ಕೈಲಾಸಗಿರಿಯ ಹಸಿರು ನೋಡಿದರೆ ಅದು ಮೊನ್ನೆ ಮೊನ್ನೆ ಬೆಳೆದದ್ದೆಂದು ತಿಳಿಯುವುದಿಲ್ಲ. 2014ರ ಅಕ್ಟೋಬರ್ 12ರ ಮಧ್ಯಾಹ್ನ ಹುದ್‌ಹುದ್ ಚಂಡಮಾರುತ ಇದೇ ಊರಿನ ಮೇಲೆ ದಡ ಹತ್ತಿತು. ಆಮೇಲೆ ಬೆಟ್ಟದ ಮೇಲೆ ಎಲೆಯಿದ್ದ ಮರಗಳನ್ನು ಹುಡುಕಬೇಕಾಗಿತ್ತು ಎಂದು ಹೊಸಪೇಟೆಯವನು ಹೇಳಿದ. ಊರಿಗೆ ಊರೇ ಕತ್ತಲಲ್ಲಿತ್ತು. ಹಾಲಿಗೆ, ನೀರಿಗೆ ಸಾಲು. ಅದೇ ಬೆಟ್ಟದ ಕೆಳಗೆ, ತೆನ್ನೇಟಿ ಪಾರ್ಕಿನ ಹತ್ತಿರ, 2020ರ ಅಕ್ಟೋಬರಿನಲ್ಲಿ ‘ಎಂ.ವಿ. ಮಾ’ ಎಂಬ ಬಾಂಗ್ಲಾದೇಶದ ಸರಕು ಹಡಗು ಗಾಳಿಗೆ ಸಿಕ್ಕಿ ಬಂದು ಬಂಡೆಗಳಲ್ಲಿ ಕೂತಿತು. ಕೊರೊನಾ ಕಾಲದ ಆ ದಿನಗಳಲ್ಲಿ ಜನ ಅದನ್ನೇ ನೋಡಲು ಹೋಗುತ್ತಿದ್ದರಂತೆ. ಈ ದಂಡೆಯಲ್ಲಿ ಆಟವನ್ನೂ ಅಪಾಯವನ್ನೂ ಒಂದೇ ಕಡಲು ಕೊಡುತ್ತದೆ. ಆರ್.ಕೆ. ಬೀಚಿನಲ್ಲಿ ನೀರಿಗಿಳಿಯುವ ಹುಡುಗರನ್ನು ಕಾವಲಿನವರು ಕೂಗಿ ಕರೆಯುತ್ತಲೇ ಇರುತ್ತಾರೆ. ಅಲ್ಲಿ ನೆಲ ತಟ್ಟನೆ ಆಳಕ್ಕೆ ಇಳಿಯುತ್ತದೆ, ಸೆಳೆತ ಬಲವಾದದ್ದು. ಬೇಸಿಗೆಯ ಗುಂಪಿನಲ್ಲಿ ಅವರ ಕೂಗು ಯಾರಿಗೆ ಕೇಳೀತು ಎಂದು ನೆನೆದರೆ ಭಯವಾಗುತ್ತದೆ.

ಅದೇ ಬೀಚಿನಲ್ಲಿ ಕುರ್ಸುರ ಇದೆ. ಜಲಾಂತರ್ಗಾಮಿಯನ್ನು ಥೀಮ್ ಪಾರ್ಕಿನ ಪಟ್ಟಿಗೆ ಸೇರಿಸಬಹುದೇ ಎಂದು ಯಾರಾದರೂ ಕೇಳಿಯಾರು. ಟಿಕೆಟ್ ಕೊಂಡು ಒಂದು ಬಾಗಿಲಿನಿಂದ ಬೇರೆಯದೇ ಲೋಕದೊಳಗೆ ಹೋಗಿ ಇನ್ನೊಂದು ಬಾಗಿಲಿನಿಂದ ಹೊರಬರುವುದು ಥೀಮ್ ಪಾರ್ಕ್ ಆದರೆ, ಇದಕ್ಕಿಂತ ನಿಜವಾದದ್ದು ಇನ್ನೊಂದಿಲ್ಲ. 1969ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟದ ರೀಗಾದಲ್ಲಿ ನಮ್ಮ ನೌಕಾಪಡೆ ಸೇರಿದ ದೋಣಿ. 31 ವರ್ಷ ದುಡಿದು 2001ರ ಫೆಬ್ರವರಿಯಲ್ಲಿ ನಿವೃತ್ತಿಯಾಯಿತು. ಮರುವರ್ಷ ಆಗಸ್ಟಿನಲ್ಲಿ ಇದೇ ಮರಳಿನ ಮೇಲೆ ವಸ್ತುಸಂಗ್ರಹಾಲಯವಾಯಿತು. ಉದ್ದ 91 ಮೀಟರಿಗೆ ತುಸು ಹೆಚ್ಚು. ಒಳಗೆ ತೋರಿಸುವವರು ನೌಕಾಪಡೆಯಿಂದ ನಿವೃತ್ತರಾದವರೇ. ಜನ ತುಂಬಿದ ದಿನ ಅವರು ಒಂದೇ ಉಸಿರಿಗೆ ಹೇಳಿ ಮುಂದಕ್ಕೆ ಕಳಿಸಬೇಕಾಗುತ್ತದೆ. ಅಂದು ನಮ್ಮ ಹಿಂದೆ ಯಾರೂ ಇರಲಿಲ್ಲ. “ಆರಾಮಾಗಿ ನೋಡಿ ಸಾರ್” ಎಂದು ಅವರು ಒಂದು ಬಂಕಿನ ಮೇಲೆ ಕೈಯಿಟ್ಟು ನಿಂತರು. ಅಗಲ ಇಷ್ಟೇ, ಮಗ್ಗುಲು ತಿರುಗುವ ಮೊದಲು ಯೋಚಿಸಬೇಕು. ಟಾರ್ಪಿಡೋಗಳ ಪಕ್ಕದಲ್ಲೇ ಮಲಗುವುದು, ಬಿಸಿಲಿಲ್ಲ, ಸ್ನಾನವೂ ಇಲ್ಲ, ಕುಡಿಯುವ ನೀರಿಗೆ ಅಳತೆ. ಮೇಲೆ ಬಂದ ಮೇಲೆ ಏನು ಬೇಕೆನ್ನಿಸುತ್ತಿತ್ತು ಎಂದು ದಾವಣಗೆರೆಯವನು ಕೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಡೀಬೇಕು ಅನ್ನಿಸ್ತಿತ್ತು. ಎಲ್ಲೂ ತಲೆ ಬಗ್ಗಿಸದೆ ನೇರಕ್ಕೆ ನಡೀಬೇಕು” ಅಂದರು.

ಅಲ್ಲಿಂದ ಹೊರಬಂದು ನಾವು ನೇರಕ್ಕೇ ನಡೆದೆವು, ಬೀಚ್ ರಸ್ತೆಯ ಉದ್ದಕ್ಕೂ. ಸಂಜೆಯಾಗುತ್ತಿತ್ತು. ಕನ್ನಡಿಗರಿಗೆ ಕಡಲ ಸಂಜೆ ಎಂದರೆ ಕಾರವಾರದ್ದು, ಮಲ್ಪೆಯದ್ದು. ಸೂರ್ಯ ನೀರಿಗೆ ಇಳಿಯುವವರೆಗೆ ಕಾದು ಎದ್ದುಬರುವುದು ನಮ್ಮ ರೂಢಿ. ಇಲ್ಲಿ ಸೂರ್ಯ ಬೆನ್ನ ಹಿಂದೆ, ಮನೆಗಳಾಚೆಯ ಬೆಟ್ಟಗಳಲ್ಲಿ ಮುಳುಗುತ್ತಾನೆ; ಕತ್ತಲು ಮೊದಲು ಕಡಲಿನ ಕಡೆಯಿಂದ ಬರುತ್ತದೆ. ಪಶ್ಚಿಮದ ದಂಡೆಯವರಾದ ನಮಗೆ ಏನೋ ಕಳೆದುಹೋದಂತೆನಿಸಿ ಕೂತಿದ್ದಾಗ ಮೋಡದ ಸೀಳಿನಲ್ಲಿ ನೀರಿನಿಂದ ಚಂದ್ರ ಎದ್ದ. ಹುಣ್ಣಿಮೆ ಹತ್ತಿರವಿತ್ತು. ಕಾರವಾರದವರಿಗೆ ಕಡಲು ಸೂರ್ಯನನ್ನು ತೆಗೆದುಕೊಳ್ಳುತ್ತದೆ, ಇಲ್ಲಿಯವರಿಗೆ ಇಬ್ಬರನ್ನೂ ಕೊಡುತ್ತದೆ. ಊರಿನವರು ಮುಂಜಾನೆಯೇ ದಂಡೆಗೆ ನಡೆಯಲು ಬರುವುದು ಏಕೆಂದು ಆಗ ಅರ್ಥವಾಯಿತು.

ತಿನ್ನುವುದಕ್ಕೆ ಮುರಿ ಮಿಕ್ಸ್ಚರ್. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಶೇಂಗಾ, ಖಾರ, ನಿಂಬೆರಸ ಹಿಂಡಿ ಕಲಸಿ ಕೊಡುತ್ತಾರೆ. ದಾವಣಗೆರೆಯವನಿಗೆ ಮಂಡಕ್ಕಿಯ ವಿಷಯದಲ್ಲಿ ಯಾರೂ ಹೇಳಿಕೊಡುವುದು ಬೇಕಿಲ್ಲ. “ಮಿರ್ಚಿ ಎಲ್ಲಿ? ಮಿರ್ಚಿ ಇಲ್ದ ಮಂಡಕ್ಕಿ ಯಾರು ತಿಂತಾರ?” ಎಂದ. ಗಾಡಿಯ ಅಮ್ಮ ಪಕ್ಕದ ಬಂಡಿಯವಳನ್ನು ಕೂಗಿ ಬಜ್ಜಿ ತರಿಸಿದಳು, ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ ಈರುಳ್ಳಿ ತುಂಬಿದ್ದು. ಗಿರಾಕಿಗಳಿಲ್ಲದ ಸಂಜೆ, ಅವಳೂ ಕೂತಳು. ದಾವಣಗೆರೆಯಲ್ಲಿ ಒಗ್ಗರಣೆ ಹಾಕುವ ಕ್ರಮವನ್ನು ಅವನು ತನ್ನ ಮುರುಕು ತೆಲುಗಿನಲ್ಲಿ ವಿವರಿಸಿದ, ಅವಳು ಗಂಭೀರವಾಗಿ ಕೇಳಿಕೊಂಡಳು. ಮರುದಿನ ಸಂಜೆ ನಮಗಾಗಿ ಬೆಳ್ಳುಳ್ಳಿ ಜಜ್ಜಿ ಇಟ್ಟುಕೊಂಡಿದ್ದಳು.

ಇನ್ನೊಂದು ದಿನ ದಂಡೆಗುಂಟ ಬಸ್ಸಿನಲ್ಲಿ ಭೀಮಿಲಿಗೆ ಹೋದೆವು. ಭೀಮುನಿಪಟ್ನಂ ಎಂಬುದು ಪೂರ್ತಿ ಹೆಸರು. ಡಚ್ಚರ ಹಳೆಯ ಗೋರಿಗಳಿರುವ ಸುಮ್ಮನೆ ಕೂರಬಹುದಾದ ಊರು. ಕೆ. ಬಾಲಚಂದರ್ 1978ರಲ್ಲಿ ಮಾಡಿದ ‘ಮರೋ ಚರಿತ್ರ’ದ ಕಡಲು ಇದೇ. ಅದು ಬೆಂಗಳೂರಿನಲ್ಲೂ ತೆಲುಗಿನಲ್ಲೇ ವರ್ಷ ಮೀರಿ ಓಡಿತ್ತು. ಅದರಲ್ಲಿ ಮೊದಲ ಬಾರಿಗೆ ಕಂಡ ಸರಿತಾ ಆಮೇಲೆ ‘ಹೊಸ ಬೆಳಕು’ ಚಿತ್ರದಲ್ಲಿ ರಾಜಕುಮಾರ್ ಎದುರು ನಟಿಸಿ ನಮ್ಮವರೇ ಆದರು. ಆ ಸಿನಿಮಾವನ್ನು ಯಾರ ಜೊತೆ ನೋಡಿದ್ದೆಂದು ನಮ್ಮಲ್ಲಿ ಒಬ್ಬರು ಅಲ್ಲಿ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಕೈಲಾಸಗಿರಿಯಿಂದ ಇಳಿದುಬರುವ ದಾರಿಯಲ್ಲಿ ಅಪ್ಪುಘರ್ ಎಂಬ ಸ್ಟಾಪು. 1982ರ ದೆಹಲಿ ಏಷ್ಯಾಡಿನ ಲಾಂಛನ ಅಪ್ಪು ಎಂಬ ಮರಿಯಾನೆ ನೆನಪಿರಬೇಕು. 1984ರಲ್ಲಿ ದೆಹಲಿಯಲ್ಲಿ ಅದರ ಹೆಸರಿನ ಮೇಲೆ ಆಟದ ಪಾರ್ಕ್ ತೆರೆಯಿತು, 2008ರಲ್ಲಿ ಮುಚ್ಚಿತು. ವಿಶಾಖಪಟ್ಟಣದಲ್ಲಿ ಆ ಹೆಸರು ಈಗ ಒಂದು ಬಡಾವಣೆಯದು. ಕಂಡಕ್ಟರ್ “ಅಪ್ಪುಘರ್, ಅಪ್ಪುಘರ್” ಎಂದು ಕೂಗಿದರೆ ತರಕಾರಿ ಚೀಲದವರು ಇಳಿಯುತ್ತಾರೆ.

ಆ ಸ್ಟಾಪಿನಲ್ಲೇ ನಮ್ಮ ರಜೆ ಹಠಾತ್ತನೆ ತುಂಬಿಹೋಯಿತು. ಆಷಾಢ ಹುಣ್ಣಿಮೆಯ ಹಿಂದಿನ ದಿನ ಸಿಂಹಾಚಲದ ಗಿರಿಪ್ರದಕ್ಷಿಣೆ. ಸಿಂಹಾಚಲದ ವರಾಹ ಲಕ್ಷ್ಮೀನರಸಿಂಹ ವರ್ಷವಿಡೀ ಗಂಧದ ಲೇಪದೊಳಗೆ ಇರುವ ದೇವರು. ಅಕ್ಷಯ ತೃತೀಯೆಯ ಒಂದು ದಿನ ಮಾತ್ರ ನಿಜರೂಪ. ಹೊಸಪೇಟೆಯವನಿಗೆ ಈ ಗುಡಿಯ ಮೇಲೆ ತವರಿನ ಹಕ್ಕು: ಕಳಿಂಗದ ದಂಡಯಾತ್ರೆಯಲ್ಲಿ ಕೃಷ್ಣದೇವರಾಯ ಇಲ್ಲಿಯವರೆಗೆ ಬಂದಿದ್ದ, 1516ರಲ್ಲಿ ಮತ್ತು 1519ರಲ್ಲಿ, ರಾಣಿಯರೊಂದಿಗೆ ಕಾಣಿಕೆ ಕೊಟ್ಟು ಶಾಸನ ಬರೆಸಿದ. “ನಮ್ಮೂರಿನ್ಯಾಂವ ಐನೂರು ವರ್ಷದ ಹಿಂದ ಬಂದಿದ್ದ, ಆಮ್ಯಾಲೆ ನಾನು” ಎಂದು ಅವನು ಹೇಳುವಾಗ ದನಿಯಲ್ಲಿ ಹೆಮ್ಮೆ ತುಂಬಿರುತ್ತದೆ.

ಬೆಟ್ಟದ ಬುಡದ ತೊಲಿ ಪಾವಂಚದಲ್ಲಿ ತೆಂಗಿನಕಾಯಿ ಒಡೆದು ಬರಿಗಾಲಲ್ಲಿ ಹೊರಟ ಜನ ಸುಮಾರು 32 ಕಿಲೋಮೀಟರ್ ನಡೆದು ಬೆಟ್ಟವನ್ನು ಬಳಸುತ್ತಾರೆ. ಹನುಮಂತವಾಕದ ಮೇಲೆ ಬಂದು ಅಪ್ಪುಘರ್ ಹತ್ತಿರ ಕಡಲಿನಲ್ಲಿ ಮೀಯುತ್ತಾರೆ, ಒದ್ದೆ ಬಟ್ಟೆಯಲ್ಲೇ ಮುಂದಕ್ಕೆ ನಡೆಯುತ್ತಾರೆ. ಹಿಂದಿನ ದಿನದವರೆಗೆ ನಾವೇ ನಾವಾಗಿ ಅಡ್ಡಾಡಿದ್ದ ರಸ್ತೆಯಲ್ಲಿ ಅಂದು ಕಾಲಿಡಲು ಜಾಗವಿಲ್ಲ. ಬಸ್ಸುಗಳು ಬೇರೆ ದಾರಿ ಹಿಡಿದಿದ್ದವು. ಈ ನೂಕುನುಗ್ಗಲಿನಲ್ಲಿ ಪಾರ್ಕಿನ ಸಾಲುಗಳ ಅಸಹನೆ ಇರಲಿಲ್ಲ. ಯಾರೂ ಯಾರನ್ನೂ ಹಿಂದೆ ಹಾಕಬೇಕಾಗಿಲ್ಲ, ಬೆಟ್ಟ ಅಲ್ಲೇ ಇರುತ್ತದೆ. ದಾರಿಯುದ್ದಕ್ಕೂ ಬಡಾವಣೆಗಳವರು ಶಾಮಿಯಾನ ಹಾಕಿ ಮಜ್ಜಿಗೆ, ಪುಳಿಯೋಗರೆ, ಬಾಳೆಹಣ್ಣು ಹಂಚುತ್ತಿದ್ದರು. ಗೆಳೆಯನ ಕಾರ್ಖಾನೆಯ ಹಳೆಯ ಸಂಗಾತಿಗಳದೂ ಒಂದು ಶಾಮಿಯಾನ. ನಾವೂ ಲೋಟ ಹಿಡಿದು ನಿಂತೆವು. ಶಿರಸಿಯವಳು ಮಜ್ಜಿಗೆಗೆ ಶುಂಠಿ ಸಾಲದೆಂದು ಇನ್ನಷ್ಟು ಜಜ್ಜಿಸಿದಳು.

ಪಾರ್ವತೀಪುರಂ ಕಡೆಯ ಅಜ್ಜಿಯೊಬ್ಬಳು ಕೈಯಲ್ಲಿ ಹತ್ತು ವರ್ಷದ ಮೊಮ್ಮಗನನ್ನು ಹಿಡಿದು ಬಂದು ನೆರಳಿಗೆ ಕೂತಳು. ಹುಡುಗ ಬೆಟ್ಟದ ಮೇಲಿನ ಬಿಳಿಯ ಶಿವನನ್ನು ನೋಡುತ್ತಿದ್ದ. ಪ್ರದಕ್ಷಿಣೆ ಮುಗಿಸಿ, ನಿದ್ದೆ ಮಾಡಿ, ಮರುದಿನ ಅವನನ್ನು ಅಲ್ಲಿಗೆ ಕರೆದೊಯ್ಯಬೇಕೆಂದಿದ್ದಾಳೆ, ಅಲ್ಲಿ ರೈಲು ಇದೆಯಂತಲ್ಲ, ನಿಜವೇ ಎಂದು ಕೇಳಿದಳು. ನಿಜ ಅಮ್ಮಾ ಎಂದೆವು. ದಾವಣಗೆರೆಯವನು ಅವಳ ಲೋಟಕ್ಕೆ ಮತ್ತೊಮ್ಮೆ ಮಜ್ಜಿಗೆ ಹುಯ್ದು, ಹುಡುಗನ ಮುಂದೆ ಬಗ್ಗಿ, ಕೈಬೆರಳಿನಿಂದ ಗಾಳಿಯಲ್ಲಿ ಬೆಟ್ಟದ ಸುತ್ತ ಒಂದು ಗೆರೆ ಎಳೆದು ತೋರಿಸಿದ: ಮೊದಲ ಸುತ್ತಿಗೆ ಕಡಲಿನ ಕಡೆಯ ಕಿಟಕಿ ಹಿಡಿ, ಚಾಲಕನಿಗೆ ನಮಸ್ಕಾರ ಹೇಳು, ಅಜ್ಜಿಗೆ ಇನ್ನೊಂದು ಟಿಕೆಟ್ ತೆಗೆಸಲು ಹೇಳು.